ಇಂಗ್ಲಿಷ್ ಶಿಕ್ಷಕರ ಕಾರ್ಯಾಗಾರ: ಯಾವುದಕ್ಕೆ ಹೋಗಬೇಕು, ಹೋಗಿ ಬಂದು ಏನು ಮಾಡಬೇಕು

ಬಿಇಒ ಕಚೇರಿಯಿಂದ ಸುತ್ತೋಲೆ ಹೊರಡುತ್ತದೆ. ಸಿಆರ್‌ಪಿ ಅದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಶಾಲೆಗೊಬ್ಬರಂತೆ ಇಂಗ್ಲಿಷ್ ಶಿಕ್ಷಕರು ಐದು ದಿನದ ಕಾರ್ಯಾಗಾರಕ್ಕೆ ಹಾಜರಾಗಬೇಕು. ಮುಖ್ಯ ಶಿಕ್ಷಕರು ಸ್ಟಾಫ್ ರೂಮಿನಲ್ಲಿ ಒಮ್ಮೆ ಸುತ್ತ ನೋಡಿ, ಯಾರಿಗೆ ಮನೆಯ ತಾಪತ್ರಯ ಕಡಿಮೆಯೋ ಅವರ ಹೆಸರು ಬರೆದು ಕಳಿಸುತ್ತಾರೆ. ಎಷ್ಟೋ ಶಾಲೆಗಳಲ್ಲಿ ಆಯ್ಕೆ ನಡೆಯುವುದು ಹೀಗೆಯೇ. ಐದು ದಿನ ಮಕ್ಕಳ ಪಾಠ ನಿಲ್ಲಿಸಿ ಹೋದವರಿಗೆ ಅಲ್ಲಿ ಏನು ದಕ್ಕುತ್ತದೆ ಎಂಬುದು ಮಾತ್ರ ಅದೃಷ್ಟಕ್ಕೆ ಬಿಟ್ಟ ವಿಷಯವಾಗಬಾರದು. ಒಳ್ಳೆಯ ಕಾರ್ಯಾಗಾರವನ್ನು ಮುಂಚೆಯೇ ಗುರುತಿಸಬಹುದು, ಸಾಧಾರಣವಾದದ್ದರಿಂದಲೂ ಕೆಲಸಕ್ಕೆ ಬರುವ ಒಂದನ್ನು ಹೊತ್ತು ತರಬಹುದು. ಅದು ಹೇಗೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಇಂಗ್ಲಿಷ್ ಕಲಿಸುವವರ ತರಬೇತಿಗೆ ಈಗ ಅವಕಾಶಗಳ ಕೊರತೆಯಿಲ್ಲ. ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂತು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ತರಬೇತಿ ಪಡೆಯಬೇಕು ಎನ್ನುತ್ತದೆ. ಡಯಟ್, ಬಿಆರ್‌ಸಿ, ದೀಕ್ಷಾ ಪೋರ್ಟಲ್, ಖಾಸಗಿ ಸಂಸ್ಥೆಗಳ ವೆಬಿನಾರ್ ಎಲ್ಲ ಸೇರಿದರೆ ಗಂಟೆಗಳ ಲೆಕ್ಕ ಸಲೀಸಾಗಿ ತುಂಬುತ್ತದೆ. ಆದರೆ ಗಂಟೆ ತುಂಬಿದ ಮಾತ್ರಕ್ಕೆ ಐದನೇ ತರಗತಿಯ ಹಿಂದಿನ ಸಾಲಿನ ಹುಡುಗಿ ಒಂದು ಇಂಗ್ಲಿಷ್ ವಾಕ್ಯವನ್ನು ಧೈರ್ಯವಾಗಿ ಆಡುತ್ತಾಳೆ ಎಂದೇನಿಲ್ಲ.

ಹೋಗುವ ಮುನ್ನ ಹತ್ತು ನಿಮಿಷದ ಕೆಲಸ

ಕಾರ್ಯಾಗಾರದ ತಯಾರಿ ಶುರುವಾಗಬೇಕಾದದ್ದು ನಿಮ್ಮದೇ ತರಗತಿಯಲ್ಲಿ. ಮೊಬೈಲನ್ನು ಮೇಜಿನ ಮೇಲಿಟ್ಟು ಯಾವುದಾದರೂ ಒಂದು ಇಂಗ್ಲಿಷ್ ಪಾಠದ ಹತ್ತು ನಿಮಿಷ ಧ್ವನಿಮುದ್ರಣ ಮಾಡಿ. ಸಂಜೆ ಒಬ್ಬರೇ ಕೂತು ಕೇಳಿ. ನಿಮ್ಮ ಮಾತು ಎಷ್ಟು, ಮಕ್ಕಳ ಮಾತು ಎಷ್ಟು? ನೀವು ಕೇಳಿದ ಪ್ರಶ್ನೆಗಳಲ್ಲಿ ಉತ್ತರ ನಿಮಗೆ ಮೊದಲೇ ಗೊತ್ತಿರದಂಥವು ಎಷ್ಟಿವೆ? ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾದಿರಿ? ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಇಂಥ ಧ್ವನಿಮುದ್ರಣಗಳನ್ನು ರಾಶಿಗಟ್ಟಲೆ ಕೇಳಿ ಒಂದು ಸಂಗತಿ ಕಂಡುಕೊಂಡರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನಷ್ಟು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಅವರು ನೋಡಿದ್ದು ವಿಜ್ಞಾನದ ತರಗತಿಗಳನ್ನು. ಪರಭಾಷೆಯಲ್ಲಿ ಉತ್ತರ ಹೊಂದಿಸಿಕೊಳ್ಳಬೇಕಾದ ಮಗುವಿಗೆ ಆ ಮೂರು ಸೆಕೆಂಡು ಇನ್ನೂ ಹೆಚ್ಚು ಬೇಕು.

ಈ ಹತ್ತು ನಿಮಿಷ ಕೇಳಿದರೆ ನಿಮಗೆ ಬೇಕಾದದ್ದೇನು ಎಂಬುದು ಹೊಳೆಯುತ್ತದೆ. ಕೆಲವರಿಗೆ ಬೇಕಾದದ್ದು ಬೋಧನೆಯ ದಾರಿ. ಇನ್ನು ಕೆಲವರಿಗೆ ಬೇಕಾದದ್ದು ತಮ್ಮದೇ ಇಂಗ್ಲಿಷಿಗೆ ಅಭ್ಯಾಸ. ಕನ್ನಡ ಮಾಧ್ಯಮದಲ್ಲಿ ಓದಿ, ಡಿಎಡ್ ಮುಗಿಸಿ, ನಲಿ-ಕಲಿ ಮಾಡಿಕೊಂಡಿದ್ದವರಿಗೆ ಒಂದು ದಿನ ಇಂಗ್ಲಿಷನ್ನೂ ನೀವೇ ತಗೊಳ್ಳಿ ಎಂದು ಹೇಳಲಾಗಿದೆ. ಮಾತಾಡಲು ಅಂಜಿಕೆಯಿದ್ದರೆ ಅದು ಅವರ ತಪ್ಪಲ್ಲ. ಅಂಥವರನ್ನು ನಾಲ್ಕು ದಿನ ಬೋಧನಾ ವಿಧಾನಗಳ ಭಾಷಣಕ್ಕೆ ಕೂರಿಸಿದರೆ ಪ್ರಯೋಜನ ಕಡಿಮೆ. ಅವರು ಹುಡುಕಬೇಕಾದದ್ದು ಭಾಷಾ ಅಭ್ಯಾಸಕ್ಕೆ ದಿನದ ಅರ್ಧ ಭಾಗವನ್ನಾದರೂ ಮೀಸಲಿಟ್ಟ ತರಬೇತಿಯನ್ನು. ಅದರಲ್ಲೂ ತರಗತಿ ನಡೆಸಲು ಬೇಕಾದ ಇಂಗ್ಲಿಷಿಗೆ ಮೊದಲ ಜಾಗ: ಸೂಚನೆ ಕೊಡುವುದು, ಜೋಡಿ ಮಾಡಿ ಕೂರಿಸುವುದು, ಹೊಗಳುವುದು, ತಿದ್ದುವುದು, ಕಥೆ ಹೇಳುವುದು. ನಿತ್ಯ ಬಳಕೆಗೆ ಬರುವ ಇಂಥ ವಾಕ್ಯಗಳು ಒಂದು ನೋಟ್‌ಬುಕ್ಕಿನ ಕೆಲವೇ ಪುಟಗಳಲ್ಲಿ ಹಿಡಿಯುತ್ತವೆ. ಅವು ನಾಲಿಗೆಗೆ ಕೂತರೆ ಉಳಿದದ್ದಕ್ಕೆ ಧೈರ್ಯ ತಾನಾಗಿ ಬರುತ್ತದೆ.

ಒಳ್ಳೆಯದನ್ನು ಗುರುತಿಸುವುದು

ನೋಂದಾಯಿಸುವ ಮುನ್ನ ಅಥವಾ ಮೊದಲ ದಿನ ಬೆಳಿಗ್ಗೆಯೇ ಸಂಪನ್ಮೂಲ ವ್ಯಕ್ತಿಗಳನ್ನು ಕೇಳಬೇಕಾದ ಪ್ರಶ್ನೆ ಒಂದಿದೆ. ಈ ಐದು ದಿನದಲ್ಲಿ ನಾನು ಎಷ್ಟು ಹೊತ್ತು ಪಾಠ ಮಾಡುತ್ತೇನೆ, ಅದನ್ನು ಯಾರು ನೋಡುತ್ತಾರೆ? ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಬಂದರೆ ಮಿಕ್ಕಿದ್ದೆಲ್ಲ ಬಹುಮಟ್ಟಿಗೆ ಸರಿಯಿರುತ್ತದೆ. ಅಳತೆಗೋಲಾಗಿ ಕೇಂಬ್ರಿಜ್‌ನ ಸೆಲ್ಟಾ ಕೋರ್ಸನ್ನು ಇಟ್ಟುಕೊಳ್ಳಬಹುದು. ವಯಸ್ಕರಿಗೆ ಇಂಗ್ಲಿಷ್ ಕಲಿಸುವವರಿಗಾಗಿ ಇರುವ, ಜಗತ್ತಿನ ಹಲವು ದೇಶಗಳಲ್ಲಿ ನಡೆಯುವ ತರಬೇತಿ ಅದು. ಸುಮಾರು 120 ಗಂಟೆಗಳ ಆ ಕೋರ್ಸಿನಲ್ಲಿ ಪ್ರತಿ ಶಿಬಿರಾರ್ಥಿ ನಿಜವಾದ ವಿದ್ಯಾರ್ಥಿಗಳ ಮುಂದೆ ಆರು ಗಂಟೆ ಪಾಠ ಮಾಡಲೇಬೇಕು, ತರಬೇತುದಾರರು ಕೂತು ನೋಡಿ ಅಭಿಪ್ರಾಯ ಹೇಳಲೇಬೇಕು, ಜೊತೆಗೆ ಅನುಭವಿಗಳ ಪಾಠವನ್ನೂ ಗಂಟೆಗಟ್ಟಲೆ ಕೂತು ನೋಡಬೇಕು. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಸೆಲ್ಟಾ ಅಷ್ಟಾಗಿ ಹೊಂದುವುದಿಲ್ಲ, ಶುಲ್ಕವೂ ಭಾರ. ಹೊರದೇಶದ ಭಾಷಾ ಶಾಲೆಗಳಲ್ಲಿ ಕೆಲಸ ಮಾಡಬೇಕೆಂದಿರುವವರಿಗೆ ಅದು ಸರಿ. ಆದರೂ ಮಾಡಿ ನೋಡುವುದಕ್ಕೆ ಅದು ಕೊಟ್ಟಿರುವ ಪಾಲನ್ನು ಗಮನಿಸಿ. ಐದು ದಿನದ ಕಾರ್ಯಾಗಾರದಲ್ಲಿ ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷವಾದರೂ ಪಾಠ ಮಾಡುವ ಸರದಿ ಬರದಿದ್ದರೆ ಅದನ್ನು ಉಪನ್ಯಾಸ ಮಾಲೆ ಎನ್ನಬಹುದು, ಕಾರ್ಯಾಗಾರ ಎನ್ನಲಾಗದು.

ಈ ಮಾತಿಗೆ ಹಳೆಯ ಆಧಾರವಿದೆ. ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರಲ್ಲಿ ಸೇವಾನಿರತ ಶಿಕ್ಷಕರ ತರಬೇತಿಗಳ ಕುರಿತ ಸಂಶೋಧನೆಗಳನ್ನು ಒಟ್ಟಿಗಿಟ್ಟು ನೋಡಿದರು. ತತ್ವ ಹೇಳುವುದು, ಮಾಡಿ ತೋರಿಸುವುದು, ಶಿಕ್ಷಕರಿಂದ ಮಾಡಿಸುವುದು, ಮಾಡಿದ್ದಕ್ಕೆ ಅಭಿಪ್ರಾಯ ಹೇಳುವುದು, ಆಮೇಲೆ ಅವರವರ ತರಗತಿಯಲ್ಲೇ ಜೊತೆಗಿದ್ದು ಕೈಹಿಡಿದು ನಡೆಸುವುದು ಎಂದು ಐದು ಹಂತಗಳನ್ನು ಗುರುತಿಸಿದರು. ಹೊಸದೊಂದು ಕ್ರಮ ಶಿಕ್ಷಕರ ನಿತ್ಯದ ಪಾಠದಲ್ಲಿ ನೆಲೆಗೊಳ್ಳಬೇಕಾದರೆ ಈ ಐದನೆಯದು ಬಹಳ ಮುಖ್ಯ ಎಂದರು. ನಮ್ಮ ಕಾರ್ಯಾಗಾರಗಳಲ್ಲಿ ಸಾಮಾನ್ಯವಾಗಿ ಕಾಣೆಯಾಗುವುದೂ ಅದೇ.

ಇನ್ನೆರಡು ಸಣ್ಣ ಗುರುತು. ಸಂಪನ್ಮೂಲ ವ್ಯಕ್ತಿ ಇತ್ತೀಚೆಗೆ ಯಾವ ತರಗತಿಯ ಮಕ್ಕಳಿಗೆ ಪಾಠ ಮಾಡಿದ್ದಾರೆ ಎಂದು ಕೇಳಿ. ಮಾತಿಗೆ ಉದಾಹರಣೆ ಕೊಡುವಾಗ ಅವರು ನಿಮ್ಮ ಪಠ್ಯಪುಸ್ತಕವನ್ನು ಕೈಗೆತ್ತಿಕೊಳ್ಳುತ್ತಾರೋ ಇಲ್ಲವೋ ನೋಡಿ. ಮೊದಲ ದಿನವಿಡೀ ಐಸ್‌ಬ್ರೇಕರ್ ಆಟ, ಹಾಡು, ಚಪ್ಪಾಳೆಯಲ್ಲಿ ಕಳೆದರೆ ಎಲ್ಲರಿಗೂ ಖುಷಿಯಾಗುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಆ ಆಟದಿಂದ ಏಳನೇ ತರಗತಿಯ ಎರಡನೇ ಪಾಠಕ್ಕೆ ಏನು ಸಿಕ್ಕಿತು ಎಂದು ಕೇಳುವ ಹಕ್ಕು ಮಾತ್ರ ನಿಮಗೆ ಇದ್ದೇ ಇದೆ.

ಮದ್ರಾಸಿನ 27,000 ಶಿಕ್ಷಕರು, ಬೆಂಗಳೂರಿನ ಕೆಲವೇ ತರಗತಿಗಳು

ದಕ್ಷಿಣ ಭಾರತದಲ್ಲಿ ಇಂಗ್ಲಿಷ್ ಶಿಕ್ಷಕರ ಮರುತರಬೇತಿಯ ಇತಿಹಾಸದಲ್ಲಿ ಎರಡು ಪ್ರಯತ್ನಗಳು ಎದ್ದು ಕಾಣುತ್ತವೆ. ಇಂದಿನ ಕಾರ್ಯಾಗಾರಗಳನ್ನು ಅಳೆಯಲು ಅವೆರಡನ್ನೂ ತಿಳಿದಿರುವುದು ಒಳ್ಳೆಯದು.

ಮೊದಲನೆಯದು 1960ರ ಆಸುಪಾಸಿನಲ್ಲಿ ಮದ್ರಾಸ್ ರಾಜ್ಯದಲ್ಲಿ ನಡೆದದ್ದು. ಆರಂಭದ ತರಗತಿಗಳಿಗೆ ಇಂಗ್ಲಿಷ್ ಕಲಿಸುವ 27,000 ಶಿಕ್ಷಕರಿಗೆ ಹೊಸ ವಿಧಾನದಲ್ಲಿ ಮರುತರಬೇತಿ ಕೊಡುವ ಯೋಜನೆ. ಕೆಲವರಿಗೆ ಕಲಿಸುವುದು, ಅವರು ಇನ್ನಷ್ಟು ಜನಕ್ಕೆ, ಅವರು ಮತ್ತಷ್ಟು ಜನಕ್ಕೆ. ಉರುಳುತ್ತ ದೊಡ್ಡದಾಗುವ ಹಿಮದುಂಡೆಯ ಹೆಸರನ್ನೇ ಅದಕ್ಕೆ ಕೊಟ್ಟು ಮದ್ರಾಸ್ ಸ್ನೋಬಾಲ್ ಎಂದು ಕರೆದರು. ಇಂದಿಗೂ ರಾಜ್ಯಮಟ್ಟದಿಂದ ಜಿಲ್ಲೆಗೆ, ಜಿಲ್ಲೆಯಿಂದ ಬ್ಲಾಕಿಗೆ ಇಳಿಯುವ ನಮ್ಮ ತರಬೇತಿಗಳ ಸ್ವರೂಪ ಬಹುಮಟ್ಟಿಗೆ ಅದೇ. ಸಾವಿರಾರು ಜನರನ್ನು ಬೇಗ ಮುಟ್ಟಲು ಬೇರೆ ದಾರಿ ಸಿಗುವುದು ಕಷ್ಟ, ನಿಜ. ಆದರೆ ತಲೆಭಾಗದಲ್ಲಿ ತುಂಬಿ ಹರಿದ ಕಾಲುವೆಯ ನೀರು ಕೊನೆಭಾಗದ ಹೊಲಕ್ಕೆ ಬರುವಷ್ಟರಲ್ಲಿ ತೇವವಷ್ಟೇ ಆಗಿ ಉಳಿಯುವ ಹಾಗೆ, ಪ್ರತಿ ಹಂತದಲ್ಲೂ ಸೋರಿಕೆಯಾಗುತ್ತದೆ. ಮೊದಲು ಸೋರಿಹೋಗುವುದು ಏಕೆ ಹೀಗೆ ಎಂಬ ಕಾರಣ. ಕೊನೆಗೆ ಉಳಿಯುವುದು ಚಟುವಟಿಕೆಯ ಹೆಸರು.

ಎರಡನೆಯದು ಬೆಂಗಳೂರು ಪ್ರಾಜೆಕ್ಟ್. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ, ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಮತ್ತು ಬ್ರಿಟಿಷ್ ಕೌನ್ಸಿಲಿನ ಬೆಂಬಲದಿಂದ, ಬೆಂಗಳೂರು, ಮದ್ರಾಸ್ ಮುಂತಾದ ಕಡೆಯ ಸಾಮಾನ್ಯ ಶಾಲೆಗಳ ಕೆಲವೇ ತರಗತಿಗಳಲ್ಲಿ ನಡೆಯಿತು. ಮಕ್ಕಳು ತರಗತಿಯಲ್ಲಿ ಇಂಗ್ಲಿಷ್ ವಾಕ್ಯರಚನೆಗಳನ್ನು ಸರಿಯಾಗಿ ಹೇಳುತ್ತಾರೆ, ಹೊರಗೆ ಬಂದರೆ ಬಳಸಲಾರರು ಎಂಬ ಅತೃಪ್ತಿಯೇ ಅದರ ಮೂಲ. ಪಾಠಕ್ಕೆ ವ್ಯಾಕರಣದ ಪಟ್ಟಿ ಇರಲಿಲ್ಲ, ಸಮಸ್ಯೆಗಳಿದ್ದವು. ನಕ್ಷೆ ನೋಡಿ ದಾರಿ ಹೇಳುವುದು, ರೈಲಿನ ವೇಳಾಪಟ್ಟಿ ನೋಡಿ ಪ್ರಯಾಣ ಯೋಜಿಸುವುದು. ಇಂದು ಜಗತ್ತಿನಾದ್ಯಂತ ಟಾಸ್ಕ್ ಆಧಾರಿತ ಬೋಧನೆ ಎಂದು ಕರೆಯುವ ಕ್ರಮಕ್ಕೆ ಬುನಾದಿ ಹಾಕಿದ ಪ್ರಯೋಗಗಳಲ್ಲಿ ಇದೂ ಒಂದು, ಮತ್ತು ಇದು ನಡೆದದ್ದು ನಮ್ಮ ಮಕ್ಕಳೊಂದಿಗೆ. ನಮ್ಮ ಕಾರ್ಯಾಗಾರಗಳಲ್ಲಿ ಇದರ ಹೆಸರೂ ಕೇಳಿಬರದೆ ಇರುವುದು ನನಗೆ ನೋವಿನ ಸಂಗತಿ.

ಇದನ್ನು ಪ್ರಯತ್ನಿಸಲು ಬೋರ್ಡು, ಸೀಮೆಸುಣ್ಣ ಸಾಕು. ಸಕಲೇಶಪುರದಿಂದ ಹಾಸನಕ್ಕೆ ಹೋಗುವ ನಾಲ್ಕು ಬಸ್ಸುಗಳ ಹೊರಡುವ ಹೊತ್ತು, ತಲುಪುವ ಹೊತ್ತು ಬರೆಯಿರಿ. ಮೊದಲ ಇಪ್ಪತ್ತು ನಿಮಿಷ ಇಡೀ ತರಗತಿಯೊಂದಿಗೆ ಬಾಯಲ್ಲೇ ನಡೆಸಿ. ಎರಡನೇ ಬಸ್ಸು ಎಷ್ಟಕ್ಕೆ ತಲುಪುತ್ತದೆ? ಯಾವುದು ಬೇಗ ಹೋಗುತ್ತದೆ? ಕಾವ್ಯಳಿಗೆ ಹತ್ತು ಗಂಟೆಗೆ ಪರೀಕ್ಷೆ, ಬಸ್‌ಸ್ಟ್ಯಾಂಡಿನಿಂದ ಅರ್ಧ ಗಂಟೆ ನಡೆಯಬೇಕು, ವಿಚ್ ಬಸ್ ಶುಡ್ ಶಿ ಟೇಕ್? ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲೇ. ಆಮೇಲೆ ಅದೇ ಬಗೆಯ ಇನ್ನೊಂದು ವೇಳಾಪಟ್ಟಿ, ಇನ್ನೊಂದಿಷ್ಟು ಪ್ರಶ್ನೆ ಕೊಟ್ಟು ಒಬ್ಬೊಬ್ಬರೇ ಮಾಡಲು ಬಿಡಿ. ಅಂಕ ಕೊಡುವಾಗ ಸರಿಯಾದ ಬಸ್ಸು ಹೇಳಿದ್ದಾರೆಯೇ ಎಂದು ನೋಡಿ. ವಾಕ್ಯ ತಪ್ಪಿದ್ದರೆ ಸರಿಯಾದ ರೂಪವನ್ನು ನಿಮ್ಮ ಮಾತಿನಲ್ಲಿ ಸಹಜವಾಗಿ ಆಡಿ ಮುಂದೆ ಹೋಗಿ. ಪ್ರಭು ಅವರ ಅಂದಾಜಿನ ಅಳತೆ ಹೀಗಿತ್ತು: ಕನಿಷ್ಠ ಅರ್ಧ ತರಗತಿಗೆ ಕನಿಷ್ಠ ಅರ್ಧ ಕೆಲಸ ಕೈಗೂಡಬೇಕು. ಅದಕ್ಕಿಂತ ಕಡಿಮೆಯಾದರೆ ಕೆಲಸ ಕಠಿಣವಾಯಿತು ಎಂದರ್ಥ. ಐವತ್ತು ಮಕ್ಕಳ ತರಗತಿಯಲ್ಲಿ ಗುಂಪು ಮಾಡಿ ಕೂರಿಸಲು ಜಾಗವಿಲ್ಲ ಎನ್ನುವವರೂ ಇದನ್ನು ಮಾಡಬಹುದು. ಪ್ರಭು ಅವರು ಗುಂಪು ಚಟುವಟಿಕೆಯನ್ನು ನೆಚ್ಚಿರಲಿಲ್ಲ.

ಈ ಯೋಜನೆಯಲ್ಲಿ ತರಬೇತುದಾರರಲ್ಲಿ ಕೆಲವರು ತಾವೇ ಮಕ್ಕಳ ಮುಂದೆ ನಿಂತು ಪಾಠ ಮಾಡಿದರು, ಬೇರೆಯವರು ಕೂತು ನೋಡಿದರು, ಪಾಠದ ಮೇಲೆ ಚರ್ಚಿಸಿದರು. ನಾಳೆಯ ಪಾಠ ಇಂದಿನ ಚರ್ಚೆಯಿಂದ ಹುಟ್ಟಿತು. ಆದರೆ ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಅಲನ್ ಬೆರೆಟಾ 1990ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯೋಜನೆಯೊಳಗೆ ಬೆಳೆದವರಿಗೆ ಕೈಗೂಡಿದಷ್ಟು ಈ ವಿಧಾನ ಹೊರಗಿನಿಂದ ಬಂದ ನಿತ್ಯದ ಶಾಲಾ ಶಿಕ್ಷಕರಿಗೆ ಕೈಗೂಡಲಿಲ್ಲ. ಅಂದರೆ ವಿಧಾನ ಎಷ್ಟೇ ಚೆನ್ನಾಗಿರಲಿ, ಅದನ್ನು ಕಟ್ಟುವ ಚರ್ಚೆಯಲ್ಲಿ ಪಾಲಿರದವರಿಗೆ ಅದು ಪರಕೀಯವಾಗಿಯೇ ಉಳಿಯಿತು. ಅದೇ ವರ್ಷ ಪ್ರಭು ಅವರೂ ಅತ್ಯುತ್ತಮ ವಿಧಾನ ಎಂಬುದೊಂದಿಲ್ಲ, ಶಿಕ್ಷಕರಿಗೆ ತಾವು ಮಾಡುತ್ತಿರುವುದರಿಂದ ಕಲಿಕೆ ನಡೆಯುತ್ತಿದೆ ಎಂಬ ಒಳಗಿನ ನಂಬಿಕೆ ಬೆಳೆಯಬೇಕು ಎಂದು ವಾದಿಸಿ ಲೇಖನ ಬರೆದರು. ಈ ವಿಧಾನ ಬಿಟ್ಟರೆ ಬೇರೆಯಿಲ್ಲ ಎಂದು ಹೇಳುವ ಕಾರ್ಯಾಗಾರದ ಬಗ್ಗೆ ಎಚ್ಚರವಿರಲಿ.

ಕನ್ನಡ ಬಲ್ಲವರ ಅನುಕೂಲ

ಇಂಗ್ಲಿಷ್ ಕಾರ್ಯಾಗಾರದಲ್ಲಿ ಕನ್ನಡ ಆಡಿದರೆ ದಂಡ ಎಂಬ ನಿಯಮ ಅಲ್ಲಲ್ಲಿ ಇದೆ. ಅಭ್ಯಾಸದ ಅವಧಿಗೆ ಅದು ಸರಿ, ಇಡೀ ಕಾರ್ಯಾಗಾರಕ್ಕೆ ತಪ್ಪು. ನಮ್ಮ ಮಕ್ಕಳ ತಪ್ಪುಗಳ ಬೇರು ಕನ್ನಡದ ಕ್ರಮದಲ್ಲಿದೆ, ಆ ಬೇರು ಕಾಣುವುದು ಕನ್ನಡ ಬಲ್ಲ ಶಿಕ್ಷಕರಿಗೆ. ನನಗೆ ಇಬ್ಬರು ತಮ್ಮಂದಿರಿದ್ದಾರೆ ಎನ್ನುವ ಮಗು ಇಂಗ್ಲಿಷಿಗೆ ಬಂದಾಗ 'ಟು ಮಿ' ಎಂದು ಶುರುಮಾಡುವುದು ಸಹಜ. ಕ್ರಿಯಾಪದ ಕೊನೆಗೆ ಬರುವ ಭಾಷೆಯವರಿಗೆ ಅದನ್ನು ನಡುವೆ ತರುವುದೇ ಮೊದಲ ಸಾಹಸ. ಬಂದೆಯಾ ಎಂದು ಕೊನೆಯಲ್ಲೊಂದು ದೀರ್ಘ ಸೇರಿಸಿದರೆ ನಮಗೆ ಪ್ರಶ್ನೆಯಾಯಿತು. ಇಂಗ್ಲಿಷಿನಲ್ಲಿ 'ಡಿಡ್' ಎಂಬ ಪದ ಮುಂದೆ ಬಂದು ಕೂರಬೇಕು, ಕ್ರಿಯಾಪದ ಮತ್ತೆ ಮೂಲರೂಪಕ್ಕೆ ಹೋಗಬೇಕು. ಎಗ್ ಎನ್ನುವುದು ಯೆಗ್ ಆಗುವುದು, ಬಸ್ಸು, ಪೆನ್ನು ಎಂದು ಕೊನೆಯಲ್ಲಿ ಉಕಾರ ಸೇರುವುದು, ಆರ್ಟಿಕಲ್‌ಗಳು ಜಾರಿಹೋಗುವುದು, ಇವೆಲ್ಲ ಅಜಾಗರೂಕತೆಯಲ್ಲ. ಕಾರ್ಯಾಗಾರಕ್ಕೆ ಹೋಗುವಾಗ ನಿಮ್ಮ ಮಕ್ಕಳ ಹತ್ತು ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದುಕೊಂಡು ಹೋಗಿ. ಒಂದು ಅವಧಿಯನ್ನು ಈ ತಪ್ಪುಗಳ ಮೇಲೆ ನಡೆಸೋಣ ಎಂದು ಸಂಪನ್ಮೂಲ ವ್ಯಕ್ತಿಗಳನ್ನು ಕೇಳಿ. ಯಾವ ದೇಶದ ತಜ್ಞರು ಬಂದರೂ ಕೊಡಲಾಗದ ತಿಳಿವಳಿಕೆ ಆ ಒಂದು ಗಂಟೆಯಲ್ಲಿ ಶಿಬಿರಾರ್ಥಿಗಳ ನಡುವೆಯೇ ಹೊರಬರುತ್ತದೆ.

ಎಲ್ಲಿಗೆ ಹೋಗಬಹುದು

ಸರ್ಕಾರಿ ಶಿಕ್ಷಕರಿಗೆ ಮೊದಲು ಹೇಳಬೇಕಾದದ್ದು ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿರುವ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್, ಸೌತ್ ಇಂಡಿಯಾ. 1963ರಲ್ಲಿ ಶುರುವಾದ ಇದು ದಕ್ಷಿಣದ ರಾಜ್ಯಗಳ ಶಿಕ್ಷಕರಿಗಾಗಿಯೇ ಇರುವ ಸಂಸ್ಥೆ. ಆರ್‌ಐಇ ಎಂದರೆ ಹಲವರು ಮೈಸೂರಿನದು ಎಂದುಕೊಳ್ಳುತ್ತಾರೆ, ಅದು ಎನ್‌ಸಿಇಆರ್‌ಟಿಯ ಶಿಕ್ಷಣ ಸಂಸ್ಥೆ, ಬೇರೆ. ಬೆಂಗಳೂರಿನ ಸಂಸ್ಥೆಯಲ್ಲಿ 30 ದಿನದ ವಸತಿ ಸಹಿತ ಇಂಗ್ಲಿಷ್ ಬೋಧನಾ ಪ್ರಮಾಣಪತ್ರ ಕೋರ್ಸ್ ಇದೆ, ಇಲಾಖೆಯಿಂದಲೇ ನಿಯೋಜನೆಯಾಗುತ್ತದೆ. ತಿಂಗಳು ಮನೆ ಬಿಟ್ಟಿರುವುದು, ಅದರಲ್ಲೂ ಪುಟ್ಟ ಮಕ್ಕಳಿರುವ ಶಿಕ್ಷಕಿಯರಿಗೆ, ಸುಲಭವಲ್ಲ. ಆದರೂ ಐದು ದಿನದ ಹಲವು ತರಬೇತಿಗಳಿಗಿಂತ ಒಂದು ತಿಂಗಳ ಸತತ ಅಭ್ಯಾಸ ಹೆಚ್ಚು ಉಳಿಯುತ್ತದೆ. ಅವಕಾಶ ಬಂದರೆ ಮನೆಯವರನ್ನು ಒಪ್ಪಿಸಿ ಹೋಗಿ ಎನ್ನುತ್ತೇನೆ.

ಖಾಸಗಿ ಶಾಲೆ, ಕಾಲೇಜಿನವರು ಶಿಕ್ಷಕರ ಸಂಘಗಳನ್ನು ನೋಡಬಹುದು. 1969ರಲ್ಲಿ ಹುಟ್ಟಿದ, ಚೆನ್ನೈ ಮೂಲದ ಎಲ್ಟಾಯ್ ಸಂಘ ವಾರ್ಷಿಕ ಸಮ್ಮೇಳನ ನಡೆಸುತ್ತದೆ, ಪತ್ರಿಕೆ ತರುತ್ತದೆ. ಐನೆಟ್ ಎಂಬ ಇನ್ನೊಂದು ಬಳಗ ಶಿಕ್ಷಕರೇ ತಮ್ಮ ತರಗತಿಯ ಮೇಲೆ ಸಣ್ಣ ಸಂಶೋಧನೆ ಮಾಡಲು ನೆರವಾಗುತ್ತದೆ. ಸಮ್ಮೇಳನದಲ್ಲಿ ಕಲಿಯುವುದಕ್ಕಿಂತ ನಿಮ್ಮಂಥದ್ದೇ ತೊಡಕಿರುವ ಇನ್ನೊಬ್ಬರನ್ನು ಕಾಣುವುದೇ ದೊಡ್ಡ ಲಾಭ. ಬ್ರಿಟನ್ನಿಗೆ ಹೋಗಿ ಓದುವ ಹಂಬಲವಿರುವ ಅನುಭವಿ ಶಿಕ್ಷಕರು ಹಾರ್ನ್‌ಬಿ ಟ್ರಸ್ಟಿನ ವಿದ್ಯಾರ್ಥಿವೇತನವನ್ನು ಗಮನಿಸಲಿ. ಜಪಾನಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದು, ಕಲಿಯುವವರಿಗಾಗಿ ನಿಘಂಟು ಕಟ್ಟಿದ ಎ.ಎಸ್. ಹಾರ್ನ್‌ಬಿ, ಆ ನಿಘಂಟಿನಿಂದ ಬಂದ ಹಣವನ್ನು ಹೊರದೇಶಗಳ ಇಂಗ್ಲಿಷ್ ಶಿಕ್ಷಕರಿಗಾಗಿ ಮೀಸಲಿಟ್ಟು 1961ರಲ್ಲಿ ಆ ಟ್ರಸ್ಟ್ ಸ್ಥಾಪಿಸಿದರು.

ಎಲ್ಲಿಗೂ ಹೋಗಲಾಗದವರಿಗೆ ಟೆಸ್-ಇಂಡಿಯಾದ ಪಾಠಗಳಿವೆ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಭಾರತದ ಶಿಕ್ಷಕರಿಗಾಗಿ ರೂಪಿಸಿದ ಇವು ಉಚಿತ, ಕನ್ನಡದಲ್ಲೂ ಲಭ್ಯ. ನಮ್ಮ ದೇಶದ ತರಗತಿಗಳಲ್ಲೇ ಚಿತ್ರಿಸಿದ ವಿಡಿಯೊಗಳೂ ಇವೆ. ಅರ್ಧ ಗಂಟೆಯ ವೆಬಿನಾರ್ ನೋಡಿ ಇ-ಪ್ರಮಾಣಪತ್ರ ಇಳಿಸಿಕೊಳ್ಳುವುದಕ್ಕಿಂತ ಒಂದು ವಿಡಿಯೊ ನೋಡಿ ಮಾರನೆಯ ದಿನ ಅದನ್ನು ಮಾಡಿ ನೋಡುವುದು ಮೇಲು.

ಬಂದ ಮೇಲೆ

ಕಾರ್ಯಾಗಾರದಿಂದ ಬಂದವರು ತಂದ ಹತ್ತು ಚಟುವಟಿಕೆಗಳಲ್ಲಿ ಒಂದನ್ನು ಮಾತ್ರ ಆರಿಸಿ ಒಂದು ತಿಂಗಳು ಬಿಡದೆ ಮಾಡಲಿ. ಮೊದಲ ಸಲ ಅದು ಎಡವುತ್ತದೆ, ಗದ್ದಲವಾಗುತ್ತದೆ, ಹೊತ್ತು ಸಾಲುವುದಿಲ್ಲ. ಮೂರನೆಯ, ನಾಲ್ಕನೆಯ ಸಲಕ್ಕೆ ಮಕ್ಕಳಿಗೆ ಕ್ರಮ ಗೊತ್ತಾಗಿರುತ್ತದೆ. ಮೊದಲ ಗದ್ದಲಕ್ಕೇ ಹೆದರಿ ಕೈಬಿಟ್ಟ ಒಳ್ಳೆಯ ಚಟುವಟಿಕೆಗಳೆಷ್ಟೋ.

ಜೊತೆಗೊಬ್ಬರು ಬೇಕು. ಜಪಾನಿನ ಶಾಲೆಗಳಲ್ಲಿ ಜುಗ್ಯೋ ಕೆನ್‌ಕ್ಯು ಎಂಬ ಪದ್ಧತಿಯಿದೆ. ಕೆಲವು ಶಿಕ್ಷಕರು ಸೇರಿ ಒಂದೇ ಪಾಠವನ್ನು ಯೋಜಿಸುತ್ತಾರೆ, ಒಬ್ಬರು ಮಾಡುತ್ತಾರೆ, ಉಳಿದವರು ಹಿಂದೆ ಕೂತು ಮಕ್ಕಳನ್ನು ನೋಡುತ್ತಾರೆ, ಆಮೇಲೆ ಚರ್ಚಿಸುತ್ತಾರೆ. ಚರ್ಚೆ ಪಾಠದ ಬಗ್ಗೆ, ಪಾಠ ಮಾಡಿದವರ ಬಗ್ಗೆ ಅಲ್ಲ. ಎರಡು-ಮೂರು ಶಿಕ್ಷಕರ ಶಾಲೆಗಳೇ ಹೆಚ್ಚಿರುವ ನಮ್ಮಲ್ಲಿ ಕ್ಲಸ್ಟರಿನ ಸಮಾಲೋಚನಾ ಸಭೆ ಇದಕ್ಕೆ ಸರಿಯಾದ ಜಾಗ. ಸಭೆಯಲ್ಲಿ ಅಂಕಿಅಂಶ ಸಂಗ್ರಹಕ್ಕೆ ಹೋಗುವ ಹೊತ್ತಿನಲ್ಲಿ ಒಂದೂವರೆ ಗಂಟೆ ಕೇಳಿ ಪಡೆಯಿರಿ. ಆತಿಥೇಯ ಶಾಲೆಯ ಮಕ್ಕಳಿಗೆ ನಲವತ್ತು ನಿಮಿಷ ಒಬ್ಬರು ಪಾಠ ಮಾಡಲಿ. ನೋಡುವವರಲ್ಲಿ ಪ್ರತಿಯೊಬ್ಬರೂ ಮೂವರೇ ಮಕ್ಕಳನ್ನು ಗಮನಿಸಿ, ಅವರು ಯಾವಾಗ ಇಂಗ್ಲಿಷಿನಲ್ಲಿ ಏನು ಆಡಿದರು, ಯಾವಾಗ ಕೈಚೆಲ್ಲಿದರು ಎಂದು ಬರೆದುಕೊಳ್ಳಲಿ. ಮಿಕ್ಕ ಹೊತ್ತು ಆ ಟಿಪ್ಪಣಿಗಳ ಮೇಲೆ ಮಾತು. "ಮೇಡಂ, ಪಾಠ ಬಹಳ ಚೆನ್ನಾಗಿತ್ತು" ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. "ಮೇಡಂ, ನೀವು ಎರಡನೇ ಸಲ ಪ್ರಶ್ನೆ ಕೇಳಿದಾಗ ಕಿಟಕಿ ಪಕ್ಕದ ಹುಡುಗ ಬಾಯಿ ತೆರೆದಿದ್ದ, ಅಷ್ಟರಲ್ಲಿ ಉತ್ತರ ನೀವೇ ಹೇಳಿಬಿಟ್ಟಿರಿ" ಎಂಬ ಮಾತು ಬೇಕು.

ಕಾರ್ಯಾಗಾರ ಏರ್ಪಡಿಸುವ ಡಯಟ್ ಉಪನ್ಯಾಸಕರು, ಇಸಿಒಗಳು ಇದನ್ನು ಓದುತ್ತಿದ್ದರೆ ಅವರಲ್ಲೊಂದು ವಿನಂತಿ. ಐದು ದಿನವನ್ನು ಒಟ್ಟಿಗೆ ಇಡಬೇಡಿ. ಜೂನ್‌ನಲ್ಲಿ ಮೂರು ದಿನ, ಆರು ವಾರ ಬಿಟ್ಟು ಒಂದು ದಿನ, ದಸರಾ ರಜೆ ಮುಗಿದ ಮೇಲೆ ಇನ್ನೊಂದು ದಿನ ಎಂದು ಹಂಚಿ. ಎರಡನೇ ಸಲ ಬರುವಾಗ ಪ್ರತಿಯೊಬ್ಬರೂ ತಮ್ಮ ತರಗತಿಯ ಹತ್ತು ನಿಮಿಷದ ಧ್ವನಿಮುದ್ರಣ ತರಲಿ ಎಂದು ಮೊದಲ ಸುತ್ತೋಲೆಯಲ್ಲೇ ಬರೆಯಿರಿ. ಖರ್ಚು ಹೆಚ್ಚೇನೂ ಆಗದು. ಟಿಎ ಇನ್ನೆರಡು ಸಲ ಕೊಡಬೇಕಾಗುತ್ತದೆ, ಓಒಡಿ ಇನ್ನೆರಡು ಸಲ ಬರೆಯಬೇಕಾಗುತ್ತದೆ, ಅಷ್ಟೆ.